ಕಾರ್ಖಾನೆಗೆ ದರ್ಜೆ-ಸಂಬಳದ ಚೌಕಟ್ಟು ಕಟ್ಟಿಕೊಡುವ ಕೆಲಸ: ಹೆಚ್‌ಆರ್ ಸಲಹೆಗಾರರ ಅನುಭವ

ಪೀಣ್ಯ, ಬೊಮ್ಮಸಂದ್ರ, ಮೈಸೂರಿನ ಹೆಬ್ಬಾಳ, ಬೆಳಗಾವಿಯ ಉದ್ಯಮಬಾಗ, ಎಲ್ಲಿಯ ಕಾರ್ಖಾನೆಯಾದರೂ ಮಾಲೀಕರು ಮೊದಲು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಜನ ಬಿಟ್ಟು ಹೋಗ್ತಿದಾರೆ ಸರ್. ಮಾರ್ಕೆಟ್‌ನಲ್ಲಿ ಯಾರಿಗೆ ಎಷ್ಟು ಕೊಡ್ತಾರೆ ಅಂತ ಒಂದು ಪಟ್ಟಿ ಮಾಡಿಕೊಡಿ." ಪಟ್ಟಿ ಮಾಡುವುದು ಕಷ್ಟವಲ್ಲ. ಆದರೆ ಹನ್ನೆರಡು ವರ್ಷದಿಂದ ಇರುವ, ಸಿಎನ್‌ಸಿ (ಕಂಪ್ಯೂಟರ್ ಹತೋಟಿಯ) ಯಂತ್ರವನ್ನು ಹೊಸ ಕೆಲಸಕ್ಕೆ ಅಣಿಮಾಡುವ ಸೆಟ್ಟರ್‌ಗೆ 24,500 ರೂಪಾಯಿ, ಪಕ್ಕದ ಫ್ಯಾಕ್ಟರಿಯಿಂದ ಕಳೆದ ತಿಂಗಳು ಬಂದ, ಯಂತ್ರ ಓಡಿಸುವ ಆಪರೇಟರ್‌ಗೆ 26,000 ಕೊಡುತ್ತಿರುವ ಕಡೆ ಆ ಪಟ್ಟಿ ಏನನ್ನೂ ಸರಿಮಾಡುವುದಿಲ್ಲ. ಒಳಗೆ ಯಾವ ಕೆಲಸ ಯಾವುದಕ್ಕಿಂತ ದೊಡ್ಡದು ಎಂಬುದು ತೀರ್ಮಾನವಾಗದೆ ಹೊರಗಿನ ದರ ತಂದು ಹಚ್ಚಿದರೆ ಇದ್ದ ಅಸಮಾಧಾನಕ್ಕೆ ಇನ್ನೊಂದು ಸೇರುತ್ತದೆ. ಹಾಗಾಗಿ ಮೊದಲು ಕೆಲಸಗಳನ್ನು ತೂಗಬೇಕು, ಆಮೇಲೆ ಮಾರುಕಟ್ಟೆ ನೋಡಬೇಕು, ಕೊನೆಗೆ ಹೀಗೆ ಸಿಕ್ಕ ದರ್ಜೆ-ಸಂಬಳದ ಚೌಕಟ್ಟಿನಲ್ಲಿ ಜನರನ್ನು ಕೂರಿಸಬೇಕು. ಈ ಕ್ರಮ ತಪ್ಪಿದ ಯಾವ ಯೋಜನೆಯೂ ಎರಡನೇ ವರ್ಷ ದಾಟಿದ್ದನ್ನು ನಾವು ಕಂಡಿಲ್ಲ.

ಈ ಬರಹದಲ್ಲಿ ನೂರರಿಂದ ಮುನ್ನೂರು ಜನರಿರುವ ಎಂಜಿನಿಯರಿಂಗ್ ಘಟಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇವೆ. ಅದಕ್ಕಿಂತ ದೊಡ್ಡ ಕಂಪನಿಗೆ ಸ್ವಂತ ಹೆಚ್‌ಆರ್ ತಂಡ ಇರುತ್ತದೆ, ಚಿಕ್ಕದಕ್ಕೆ ಇಷ್ಟೆಲ್ಲ ಬೇಕಾಗುವುದಿಲ್ಲ. ಕೊಟ್ಟಿರುವ ಸಂಬಳದ ಅಂಕಿಗಳು ಲೆಕ್ಕದ ವಿಧಾನ ತೋರಿಸಲು ಮಾತ್ರ.

ಮಾಲೀಕರು ಸರಿಯಾದ ಸಲಹೆಗಾರರನ್ನು ಹುಡುಕಿಕೊಳ್ಳುವುದೇ ಮೊದಲ ತೊಡಕು, ಏಕೆಂದರೆ 'ಹೆಚ್‌ಆರ್ ಕನ್ಸಲ್ಟೆಂಟ್' ಎಂಬ ಒಂದೇ ಬೋರ್ಡಿನ ಕೆಳಗೆ ನಾಲ್ಕೈದು ಬೇರೆ ಬೇರೆ ವ್ಯಾಪಾರಗಳಿವೆ. ಅವು ಹುಟ್ಟಿದ ಕಾಲವೂ ಬೇರೆ, ಹಣ ಗಳಿಸುವ ದಾರಿಯೂ ಬೇರೆ. ಹಳೆಯದು ಕಾನೂನು ಪಾಲನೆಯ ಕೆಲಸ. 1948ರ ಕಾರ್ಖಾನೆ ಕಾಯ್ದೆ 500 ಕಾರ್ಮಿಕರಿದ್ದ ಕಡೆ ಕಲ್ಯಾಣಾಧಿಕಾರಿ ಇರಲೇಬೇಕೆಂದಿತು. 1952ರಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಯೋಜನೆ ಕಾನ್ಪುರ ಮತ್ತು ದೆಹಲಿಯಲ್ಲಿ ಶುರುವಾಯಿತು, ಅದೇ ವರ್ಷ ಭವಿಷ್ಯನಿಧಿ (ಪಿಎಫ್) ಕಾಯ್ದೆಯೂ ಬಂತು. ಹೆಚ್ಎಎಲ್, ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್), ಬಿಇಎಲ್, ಹೆಚ್ಎಂಟಿಯಂಥ ದೊಡ್ಡ ಸಂಸ್ಥೆಗಳು ಇದಕ್ಕೆ ಸ್ವಂತ ಸಿಬ್ಬಂದಿ ವಿಭಾಗ ಕಟ್ಟಿಕೊಂಡವು. ಅವುಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದ ಸಣ್ಣ ಶೆಡ್ಡುಗಳಿಗೆ ಆ ಶಕ್ತಿ ಇರಲಿಲ್ಲ. ಆ ಜಾಗ ತುಂಬಿದವರು 'ಪಿಎಫ್ ಕನ್ಸಲ್ಟೆಂಟ್'ಗಳು. ಇವರಿಗೆ ತಿಂಗಳ ಲೆಕ್ಕದ ಶುಲ್ಕ. ಪ್ರತಿ ತಿಂಗಳ 15ರೊಳಗೆ ಪಿಎಫ್, ಇಎಸ್‌ಐ ಕಟ್ಟಿಸುವುದು, ರಿಜಿಸ್ಟರ್ ಬರೆಸುವುದು, ತಪಾಸಣೆಗೆ ಬಂದಾಗ ನಿಲ್ಲುವುದು ಅವರ ಕೆಲಸ.

ನೇಮಕಾತಿ ಸಲಹೆಯದು ಇನ್ನೊಂದು ಕವಲು. ಕೋಲ್ಕತ್ತದಲ್ಲಿ 1969ರಲ್ಲಿ ಶುರುವಾದ ಎಬಿಸಿ ಕನ್ಸಲ್ಟೆಂಟ್ಸ್, ಚೆನ್ನೈಯಲ್ಲಿ 1992ರಲ್ಲಿ ಕೆ. ಪಾಂಡಿಯರಾಜನ್ ಕಟ್ಟಿದ ಮಾ ಫಾಯ್ ಈ ದಾರಿಯ ಹಿರಿಯರು. ಇಲ್ಲಿನ ರೂಢಿಯ ಶುಲ್ಕ ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳ. ಸೇರಿದವರು ಮೂರು ತಿಂಗಳೊಳಗೆ ಬಿಟ್ಟರೆ ಬದಲಿ ವ್ಯಕ್ತಿಯನ್ನು ಕೊಡುವುದು ವಾಡಿಕೆ. 1997ರಲ್ಲಿ ನೌಕ್ರಿ ಡಾಟ್ ಕಾಮ್ ಬಂದ ಮೇಲೆ ಅರ್ಜಿಗಳ ಕಪಾಟು ಇಟ್ಟುಕೊಂಡಿರುವುದೇ ಬಂಡವಾಳವಾಗಿದ್ದ ದಿನಗಳು ಮುಗಿದವು; ಅಳೆದು ಆರಿಸಿ ಕೊಡಬಲ್ಲವರು ಉಳಿದರು. ಮೂರನೆಯದು ಜನರನ್ನು ತಮ್ಮದೇ ವೇತನಪಟ್ಟಿಯಲ್ಲಿಟ್ಟು ಬೇರೆ ಕಂಪನಿಗೆ ಕಳಿಸುವ ಸ್ಟಾಫಿಂಗ್. 2002ರ ಟೀಮ್‌ಲೀಸ್, 2007ರ ಕ್ವೆಸ್ ಎರಡರ ಮುಖ್ಯ ಕಚೇರಿಯೂ ಬೆಂಗಳೂರಿನಲ್ಲಿದೆ. ಇವರು ತಲೆಗಿಷ್ಟು ಅಥವಾ ವೇತನದ ಮೇಲೆ ಶೇಕಡಾ ಇಷ್ಟು ಎಂದು ತೆಗೆದುಕೊಳ್ಳುತ್ತಾರೆ.

ದರ್ಜೆ ಮತ್ತು ಸಂಬಳದ ಚೌಕಟ್ಟು ಇವೆಲ್ಲಕ್ಕಿಂತ ಬೇರೆ ಕಸುಬು. ಅದರ ಬೇರು ಅಮೆರಿಕದಲ್ಲಿದೆ. ಫ್ರೆಡರಿಕ್ ಟೇಲರ್ 1893ರಲ್ಲೇ ಕಾರ್ಖಾನೆಗಳಿಗೆ ಸಲಹೆ ಕೊಡುವ ಎಂಜಿನಿಯರ್ ಎಂದು ಸ್ವತಂತ್ರವಾಗಿ ಕೆಲಸ ಶುರುಮಾಡಿದ್ದರು. ಎಡ್ವರ್ಡ್ ಹೇ 1943ರಲ್ಲಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ ಸಂಸ್ಥೆ, ಕೆಲಸವನ್ನು ಜ್ಞಾನ, ಸಮಸ್ಯೆ ಬಿಡಿಸುವಿಕೆ, ಹೊಣೆಗಾರಿಕೆ ಎಂಬ ಮೂರು ಅಂಶಗಳಲ್ಲಿ ಅಂಕಗಳಿಂದ ಅಳೆಯುವ ಪದ್ಧತಿಯನ್ನು ಜಗತ್ತಿನಾದ್ಯಂತ ಹಬ್ಬಿಸಿತು. 2010ರ ನಂತರ ಈ ಕ್ಷೇತ್ರ ಕೆಲವೇ ಕೈಗಳಿಗೆ ಸೇರಿತು. ಆ ವರ್ಷ ಏಯಾನ್ ಹ್ಯೂವಿಟ್ ಅನ್ನು ಕೊಂಡಿತು, ಟವರ್ಸ್ ಪೆರಿನ್ ಮತ್ತು ವಾಟ್ಸನ್ ವೈಯಾಟ್ ಒಂದಾದವು. 2015ರಲ್ಲಿ ಕಾರ್ನ್ ಫೆರಿ ಹೇ ಗ್ರೂಪ್ ಅನ್ನು ತನ್ನದಾಗಿಸಿಕೊಂಡಿತು. ಅವರ ಅಳತೆ ಪಟ್ಟಿಗಳು ಅವರ ಸ್ವತ್ತು. ಪೀಣ್ಯದ ಮಧ್ಯಮ ಘಟಕಕ್ಕೆ ಅವರ ದರ ಎಟುಕುವುದೂ ಇಲ್ಲ, ಅಷ್ಟು ಸೂಕ್ಷ್ಮ ಅಳತೆ ಬೇಕಾಗುವುದೂ ಇಲ್ಲ. ಯಾರ ಸ್ವತ್ತೂ ಅಲ್ಲದ ಸಾದಾ ಅಂಕ ಪದ್ಧತಿ ಇಲ್ಲಿಗೆ ಧಾರಾಳ ಸಾಕು.

ಆದ್ದರಿಂದ ಆಯ್ಕೆ ಮಾಡುವಾಗ ಒಂದು ಪ್ರಶ್ನೆ ಕೇಳಿದರೆ ಸಾಕು: "ನೀವು ಹಿಂದೆ ಮಾಡಿಕೊಟ್ಟ, ಕೆಲಸ ಅಳೆಯುವ ಅಂಶಪಟ್ಟಿಯನ್ನು ಕಂಪನಿಯ ಹೆಸರು ತೆಗೆದು ತೋರಿಸ್ತೀರಾ?" ತೋರಿಸಲು ಇಲ್ಲದವರು ಬೇರೆ ಕವಲಿನವರು.

ಒಪ್ಪಂದದ ಪತ್ರದಲ್ಲಿ ಎಷ್ಟು ಹುದ್ದೆ, ಎಷ್ಟು ಜನ, ಯಾವುದು ಕೆಲಸದ ಹೊರಗೆ ಎಂಬುದನ್ನು ಬರೆದಿಡಬೇಕು. ವೈಯಕ್ತಿಕ ಕಾರ್ಯಕ್ಷಮತೆಯ ಮೌಲ್ಯಮಾಪನ ಮತ್ತು ಯೂನಿಯನ್ ಜೊತೆಗಿನ ಮಾತುಕತೆ ಎರಡನ್ನೂ ನಾವು ಹೊರಗೇ ಇಡುತ್ತೇವೆ. ಮೊದಲನೆಯದು ಒಳಬಂದರೆ ಕೆಲಸದ ಅಳತೆ ಮತ್ತು ಮನುಷ್ಯನ ಅಳತೆ ಕಲಸಿಹೋಗುತ್ತವೆ. ಎರಡನೆಯದರಲ್ಲಿ ಸಲಹೆಗಾರ ಒಂದು ಪಕ್ಷದ ವಕೀಲನಾಗಿಬಿಡುತ್ತಾನೆ, ಆಮೇಲೆ ಅವನ ಅಂಕಗಳನ್ನು ಇನ್ನೊಂದು ಪಕ್ಷ ನಂಬುವುದಿಲ್ಲ. 180 ಜನ, ಸುಮಾರು 40 ಕೆಲಸಗಳಿರುವ ಘಟಕಕ್ಕೆ ಒಬ್ಬ ಹಿರಿಯ, ಇಬ್ಬರು ಕಿರಿಯ ಸಲಹೆಗಾರರು ಸೇರಿ ಹತ್ತರಿಂದ ಹನ್ನೆರಡು ವಾರ ಹಿಡಿಯುತ್ತದೆ. ಶುಲ್ಕವನ್ನು ಸಹಿಗೆ ಕಾಲು ಭಾಗ, ಕೆಲಸದ ವಿವರಣೆಗಳು ಮುಗಿದಾಗ ಕಾಲು ಭಾಗ, ಚೌಕಟ್ಟು ಒಪ್ಪಿಗೆಯಾದಾಗ ಶೇ 30, ಉಳಿದದ್ದು ಕಂಪನಿಯ ಸ್ವಂತ ಸಿಬ್ಬಂದಿಗೆ ಕಲಿಸಿ ಒಪ್ಪಿಸಿದ ಮೇಲೆ ಎಂದು ಹಂಚಿದರೆ ಇಬ್ಬರಿಗೂ ಒಳ್ಳೆಯದು. ಮೇಲೆ ಶೇ 18 ಜಿಎಸ್‌ಟಿ. ಕೊಡುವವರು ಶೇ 10 ಟಿಡಿಎಸ್ ಹಿಡಿಯುತ್ತಾರೆ.

ಮೊದಲ ವಾರ ಕಾಗದಗಳದ್ದು. ಹನ್ನೆರಡು ತಿಂಗಳ ವೇತನ ರಿಜಿಸ್ಟರ್, ಹಾಜರಾತಿ, ಓವರ್‌ಟೈಮ್ ಪಟ್ಟಿ, ನೇಮಕಾತಿ ಪತ್ರಗಳ ಮಾದರಿ, ಹಿಂದಿನ ವೇತನ ಒಪ್ಪಂದ ಇದ್ದರೆ ಅದು, ಗುತ್ತಿಗೆದಾರರ ಬಿಲ್ಲು. ಇಲ್ಲಿ ಎರಡು ಗಂಟುಗಳು ಸಿಗುವುದು ಖಚಿತ. ಒಂದು, ಸಂಬಳ ಎಂಬ ಒಂದೇ ಪದದಲ್ಲಿ ಮೂರು ಮೊತ್ತ ಓಡಾಡುತ್ತಿರುತ್ತವೆ: ಕೈಗೆ ಬರುವುದು, ಕಡಿತಕ್ಕೆ ಮುಂಚಿನ ಒಟ್ಟು, ಕಂಪನಿಯ ಪಿಎಫ್-ಗ್ರಾಚ್ಯುಟಿ ಸೇರಿದ ಸಿಟಿಸಿ (ಕಂಪನಿಗೆ ತಗಲುವ ಒಟ್ಟು ವೆಚ್ಚ). ಎಲ್ಲವನ್ನೂ ಕಡಿತಕ್ಕೆ ಮುಂಚಿನ ತಿಂಗಳ ಒಟ್ಟು ಮೊತ್ತಕ್ಕೆ ತಂದು, ಓವರ್‌ಟೈಮ್ ತೆಗೆದು, ಆಮೇಲೆ ಹೋಲಿಸಬೇಕು. ಎರಡು, ಹುದ್ದೆಯ ಹೆಸರುಗಳು. 180 ಜನರಿಗೆ 60 ಹೆಸರುಗಳಿದ್ದರೆ ನಿಜವಾದ ಕೆಲಸ 40ರ ಆಸುಪಾಸು ಇರುತ್ತದೆ. ಸಂಬಳ ಏರಿಸಲು ಆಗದ ವರ್ಷ ಹೆಸರನ್ನು ಏರಿಸಿರುತ್ತಾರೆ. ಹಾಗಾಗಿ 'ಸೀನಿಯರ್ ಎಕ್ಸಿಕ್ಯುಟಿವ್ – ಸ್ಟೋರ್ಸ್' ಮತ್ತು 'ಸ್ಟೋರ್ ಕೀಪರ್' ಒಂದೇ ಕಿಟಕಿಯಲ್ಲಿ ಕೂತು ಅದೇ ಮೆಟೀರಿಯಲ್ ಕೊಡುತ್ತಿರುತ್ತಾರೆ. ಹೆಸರು ಬಿಟ್ಟು ಮಾಡುವ ಕೆಲಸದ ಪ್ರಕಾರ ಗುಂಪು ಕಟ್ಟಿದ ಮೇಲೇ ಮುಂದಿನ ಹೆಜ್ಜೆ.

ಕೆಲಸದ ವಿವರಣೆ ಬರೆಯುವುದರಲ್ಲಿ ಇಡೀ ಯೋಜನೆಯ ಜೀವ ಇದೆ. ಬಹಳ ಕಡೆ ಇದನ್ನು ಇಂಗ್ಲಿಷ್ ಫಾರಂ ಹಂಚಿ ಮುಗಿಸಿಬಿಡುತ್ತಾರೆ. ಫಾರಂ ಓದಲಾಗದ ಆಪರೇಟರ್ ಅದನ್ನು ಸೂಪರ್‌ವೈಸರ್ ಕೈಗೆ ಕೊಡುತ್ತಾನೆ. ಸೂಪರ್‌ವೈಸರ್ ತುಂಬಿದ ಫಾರಂನಲ್ಲಿ ಆಪರೇಟರ್ "ಹೇಳಿದ್ದನ್ನು ಮಾಡುವವನು" ಆಗುತ್ತಾನೆ, ತೀರ್ಮಾನಗಳೆಲ್ಲ ಸೂಪರ್‌ವೈಸರ್‌ನವು ಆಗುತ್ತವೆ. ಕಾಗದದಲ್ಲಿ ನಡೆದ ಈ ವರ್ಗಾವಣೆ ಮುಂದೆ ಅಂಕಕ್ಕೂ, ಅಂಕದಿಂದ ಸಂಬಳಕ್ಕೂ ಇಳಿಯುತ್ತದೆ. ಆದ್ದರಿಂದ ನಾವು ಫಾರಂ ಕೊಡುವುದಿಲ್ಲ. ಯಂತ್ರದ ಪಕ್ಕದಲ್ಲಿ, ಅವರ ಶಿಫ್ಟ್‌ನಲ್ಲೇ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮಾತಾಡುತ್ತೇವೆ. ಉತ್ತರ ಕರ್ನಾಟಕದವರಾದರೆ ಅವರ ಕನ್ನಡದಲ್ಲಿ, ಒಡಿಶಾ-ಬಿಹಾರದವರಾದರೆ ಹಿಂದಿಯಲ್ಲಿ. ಪ್ರತಿ ಕೆಲಸಕ್ಕೆ ಕನಿಷ್ಠ ಇಬ್ಬರು: ಒಬ್ಬರು ಹಳಬರು, ಒಬ್ಬರು ಹೊಸಬರು. ಆಮೇಲೆ ಅವರ ಮೇಲಿನವರು.

"ನಿಮ್ಮ ಕೆಲಸ ಏನು?" ಎಂದು ಕೇಳಿದರೆ ಹುದ್ದೆಯ ಹೆಸರು ಮಾತ್ರ ಸಿಗುತ್ತದೆ. "ಅಣ್ಣ, ನಿನ್ನೆ ಪಂಚ್ ಮಾಡಿ ಒಳಗೆ ಬಂದಾಗಿಂದ ಏನೇನು ಮಾಡಿದ್ರಿ?" ಎಂದು ಕೇಳಿದರೆ ಕೆಲಸ ಸಿಗುತ್ತದೆ. ಜೊತೆಗೆ ಮೂರು ಪ್ರಶ್ನೆಗಳು ಎಲ್ಲರಿಗೂ: ಯಾವುದನ್ನು ಯಾರನ್ನೂ ಕೇಳದೆ ನೀವೇ ತೀರ್ಮಾನ ಮಾಡ್ತೀರಿ? ನಿಮ್ಮಿಂದ ತಪ್ಪಾದರೆ ಎಷ್ಟು ಹೊತ್ತಿನಲ್ಲಿ, ಯಾರಿಗೆ ಗೊತ್ತಾಗುತ್ತೆ, ಎಷ್ಟು ಮಾಲು ಹಾಳಾಗುತ್ತೆ? ನೀವು ಎರಡು ದಿನ ರಜಾ ಹಾಕಿದರೆ ನಿಮ್ಮ ಜಾಗದಲ್ಲಿ ಯಾರು ನಿಲ್ಲಬಹುದು? ಸಿಎನ್‌ಸಿ ವಿಭಾಗದಲ್ಲಿ ಆಪರೇಟರ್‌ಗೂ ಸೆಟ್ಟರ್‌ಗೂ ಇರುವ ಅಂತರ ಈ ಮೂರು ಉತ್ತರಗಳಲ್ಲೇ ತಿಳಿಯುತ್ತದೆ. ಆಪರೇಟರ್ ಜಾಬ್ ಕಚ್ಚಿಸಿ, ಸೈಕಲ್ ಓಡಿಸಿ, ಅಳತೆ ನೋಡಿ, ಕೊಟ್ಟ ಮಿತಿಯೊಳಗೆ ಆಫ್‌ಸೆಟ್ ತಿದ್ದುತ್ತಾನೆ. ಸೆಟ್ಟರ್ ಹೊಸ ಜಾಬ್‌ಗೆ ಫಿಕ್ಸ್ಚರ್ (ಜಾಬ್ ಹಿಡಿದಿಡುವ ಸಾಧನ) ಕೂರಿಸಿ, ಝೀರೋ ಹಿಡಿದು (ಅಳತೆ ಶುರುವಾಗುವ ಬಿಂದು ಗೊತ್ತುಮಾಡಿ), ಪ್ರೋಗ್ರಾಂನಲ್ಲಿ ತಪ್ಪಿದ್ದರೆ ಕಂಡುಹಿಡಿದು, ಮೊದಲ ಪೀಸ್ ಪಾಸ್ ಮಾಡಿಸಿಕೊಡುತ್ತಾನೆ. ಅವನ ತಪ್ಪು ಟರೆಟ್ (ಕತ್ತರಿಸುವ ಉಪಕರಣ ಹಿಡಿಯುವ ಭಾಗ) ಬಡಿದು ಸ್ಪಿಂಡಲ್ (ಯಂತ್ರದ ತಿರುಗುವ ದಂಡ) ಹಾಳಾಗುವಲ್ಲಿಗೆ ಹೋಗಬಹುದು, ಯಂತ್ರ ವಾರಗಟ್ಟಲೆ ನಿಲ್ಲಬಹುದು.

ಬರೆದ ವಿವರಣೆ ಒಂದೂವರೆ ಪುಟ ದಾಟಬಾರದು. ಆರರಿಂದ ಎಂಟು ಮುಖ್ಯ ಕೆಲಸಗಳು, ಪ್ರತಿಯೊಂದಕ್ಕೂ ಸಮಯದ ಅಂದಾಜು ಪಾಲು, ಬೇಕಾದ ಓದು-ಅನುಭವ, ತೀರ್ಮಾನದ ಮಿತಿ. ಕನ್ನಡದಲ್ಲಿ ಬರೆದು, ಕೆಲಸ ಮಾಡುವವರಿಗೆ ಓದಿ ಹೇಳಿ, ಸಹಿ ಹಾಕಿಸಿಕೊಳ್ಳಬೇಕು. ಆ ಸಹಿ ಮುಂದೆ ಮೇಲ್ಮನವಿಯ ಹಂತದಲ್ಲಿ ಬಹಳ ಉಪಕಾರಕ್ಕೆ ಬರುತ್ತದೆ.

ನಂತರ ಅಂಶಗಳು. ಎಂಜಿನಿಯರಿಂಗ್ ಘಟಕಕ್ಕೆ 1,000 ಅಂಕಗಳನ್ನು ನಾವು ಹೀಗೆ ಹಂಚುತ್ತೇವೆ: ಜ್ಞಾನ ಮತ್ತು ತರಬೇತಿ 250, ಅನುಭವ 150, ಸಮಸ್ಯೆ ಬಿಡಿಸುವಿಕೆ 150, ಯಂತ್ರ-ಮಾಲು-ಹಣದ ಹೊಣೆ 150, ಜನರ ಮೇಲ್ವಿಚಾರಣೆ 120, ಕೆಲಸದ ಜಾಗದ ಪರಿಸ್ಥಿತಿ 100, ದೈಹಿಕ ಶ್ರಮ 80. ಪ್ರತಿ ಅಂಶಕ್ಕೆ ಐದು ಮಟ್ಟ; ಒಂದೊಂದು ಮಟ್ಟಕ್ಕೂ ಆ ಅಂಶದ ಐದನೇ ಒಂದು ಪಾಲು ಅಂಕ. ಮಟ್ಟದ ವಿವರಣೆಯಲ್ಲಿ 'ಸಾಕಷ್ಟು', 'ಹೆಚ್ಚಿನ' ಎಂಬ ಪದಗಳು ಬಂದರೆ ಅದು ವಿವರಣೆಯೇ ಅಲ್ಲ. ಜ್ಞಾನದ ಮೂರನೇ ಮಟ್ಟ ಎಂದರೆ "ಐಟಿಐ ಮುಗಿಸಿ, ಡ್ರಾಯಿಂಗ್ ಮತ್ತು ಟಾಲರೆನ್ಸ್ ಸ್ವತಃ ಓದಿ, ಪ್ರೋಗ್ರಾಂ ತಿದ್ದಬಲ್ಲ" ಎಂದು ಇರಬೇಕು. ಕೆಲಸದ ಜಾಗದ ಅಂಶವನ್ನು ಕಚೇರಿಯವರು ಸಾಮಾನ್ಯವಾಗಿ ಕಡಿತಗೊಳಿಸಲು ನೋಡುತ್ತಾರೆ. ಬಿಡಬಾರದು. ಫೋರ್ಜಿಂಗ್, ಪ್ಲೇಟಿಂಗ್, ಪ್ರೆಸ್ ಶಾಪ್‌ಗಳ ಶಾಖ, ಆಮ್ಲದ ಹೊಗೆ, ಸದ್ದು ಎಲ್ಲವನ್ನೂ ಮನುಷ್ಯನ ಮೈ ಹೊರುತ್ತದೆ. ಅದಕ್ಕೆ ಅಂಕ ಕೊಡದ ಪದ್ಧತಿ ನ್ಯಾಯದ್ದಲ್ಲ.

ಅಂಕ ಹಾಕುವುದು ಸಲಹೆಗಾರರಲ್ಲ, ಸಮಿತಿ. ಐದರಿಂದ ಏಳು ಜನ: ಉತ್ಪಾದನೆ, ಗುಣಮಟ್ಟ, ನಿರ್ವಹಣೆ, ಲೆಕ್ಕಪತ್ರ, ಹೆಚ್‌ಆರ್, ಜೊತೆಗೆ ಕಾರ್ಮಿಕರು ನಂಬುವ ಇಬ್ಬರು. ಮೊದಲು 15 ಮಾದರಿ ಕೆಲಸಗಳನ್ನು ತೂಗಿ, ಉಳಿದವನ್ನು ಅವುಗಳ ಜೊತೆ ಇಟ್ಟು ನೋಡಬೇಕು. ಪ್ರತಿಯೊಬ್ಬರೂ ತಮ್ಮ ಮಟ್ಟವನ್ನು ಚೀಟಿಯಲ್ಲಿ ಬರೆದು ಮಡಚಿಟ್ಟ ಮೇಲೇ ಬಾಯಿ ತೆರೆಯಬೇಕು ಎಂಬುದು ನಾವು ಬಿಡದ ನಿಯಮ. ಜಿಎಂ ಮೊದಲು ಮಾತಾಡಿದರೆ ಉಳಿದ ಆರು ಚೀಟಿಗಳೂ ಅವರದ್ದೇ ಆಗುತ್ತವೆ. ಒಂದು ಮಟ್ಟದ ಅಂತರವಿದ್ದರೆ ಹೆಚ್ಚು ಜನ ಹೇಳಿದ್ದು. ಎರಡು ಮಟ್ಟದ ಅಂತರವಿದ್ದರೆ ಕೆಲಸದ ವಿವರಣೆ ಸರಿಯಿಲ್ಲ ಎಂದರ್ಥ, ಅದನ್ನು ಮತ್ತೆ ಹೋಗಿ ಬರೆದುಕೊಂಡು ಬರಬೇಕು. ಒಂದು ಅಂಶವನ್ನು ಎಲ್ಲ ಕೆಲಸಗಳಿಗೂ ತೂಗಿ ಮುಗಿಸಿ ಮುಂದಿನ ಅಂಶಕ್ಕೆ ಹೋಗುವುದು ಸರಿಯಾದ ದಾರಿ. ಒಂದು ಕೆಲಸದ ಏಳೂ ಅಂಶಗಳನ್ನು ಒಟ್ಟಿಗೆ ತೂಗಿದರೆ ಮೊದಲ ಅಂಶದ ಅಭಿಪ್ರಾಯ ಉಳಿದ ಆರಕ್ಕೂ ಹರಡುತ್ತದೆ. ಸಭೆಯಲ್ಲಿ "ಆದರೆ ಮಂಜಣ್ಣ ತುಂಬಾ ಕಷ್ಟಪಡ್ತಾನೆ" ಎಂಬಂಥ ಮಾತು ಬಂದ ತಕ್ಷಣ ನಿಲ್ಲಿಸಬೇಕು. ಮಂಜಣ್ಣನ ಶ್ರಮಕ್ಕೆ ದರ್ಜೆಯೊಳಗೆ ಮೇಲೇರುವ ಜಾಗವಿದೆ. ನಾಳೆ ಅವನ ಜಾಗಕ್ಕೆ ಬೇರೊಬ್ಬ ಬಂದರೂ ಆ ಕೆಲಸದ ಅಂಕ ಅಷ್ಟೇ ಇರಬೇಕು.

ಎರಡು ಕೆಲಸಗಳ ಲೆಕ್ಕ ನೋಡಿ. ಸೆಟ್ಟರ್: ಜ್ಞಾನ ಮೂರನೇ ಮಟ್ಟ 150, ಅನುಭವ ಮೂರು 90, ಸಮಸ್ಯೆ ಮೂರು 90, ಹೊಣೆ ನಾಲ್ಕು 120, ಮೇಲ್ವಿಚಾರಣೆ ಎರಡು 48, ಪರಿಸ್ಥಿತಿ ಮೂರು 60, ಶ್ರಮ ಮೂರು 48, ಒಟ್ಟು 606. ಸ್ಟೋರ್ ಕೀಪರ್: 100, 90, 60, 120, 24, 40, 32, ಒಟ್ಟು 466. ಎಲ್ಲ ಮಟ್ಟವೂ ಒಂದಾದ ಕೆಲಸಕ್ಕೆ 200, ಐದಾದರೆ 1,000. ಈ 800ರ ವ್ಯಾಪ್ತಿಯನ್ನು ನೂರು ನೂರರಂತೆ ಎಂಟು ದರ್ಜೆ ಮಾಡಿದರೆ ಸೆಟ್ಟರ್ ಐದನೇ ದರ್ಜೆ, ಸ್ಟೋರ್ ಕೀಪರ್ ಮೂರನೇ ದರ್ಜೆ. ಆದರೆ ಗೆರೆಯನ್ನು ಕಣ್ಣುಮುಚ್ಚಿ 600ಕ್ಕೆ ಎಳೆಯಬಾರದು. 596 ಬಂದ ಟೂಲ್ ರೂಮ್ ಫಿಟ್ಟರ್ ಕೆಳಗೆ, 606 ಬಂದ ಸೆಟ್ಟರ್ ಮೇಲೆ ಆದರೆ ಆ ಹತ್ತು ಅಂಕವನ್ನು ಯಾರಿಗೂ ವಿವರಿಸಲಾಗದು, ಚೀಟಿಯಲ್ಲಿ ಒಬ್ಬರ ಒಂದು ಮಟ್ಟ ಬದಲಾದರೂ ಅದು ತಿರುಗಿಹೋಗುತ್ತದೆ. ಎಲ್ಲ ಅಂಕಗಳನ್ನು ಸಾಲಾಗಿ ಬರೆದು, ನಡುವೆ ಖಾಲಿ ಇರುವ ಜಾಗ ಹುಡುಕಿ ಅಲ್ಲಿ ಗೆರೆ ಹಾಕಬೇಕು. ಇಲ್ಲಿ 570ರಿಂದ 590ರ ನಡುವೆ ಯಾರೂ ಇಲ್ಲದಿದ್ದರೆ ಗೆರೆ 580ಕ್ಕೆ.

ಈಗ ಮಾರುಕಟ್ಟೆ. ದರ ಕೇಳುವಾಗ ಹುದ್ದೆಯ ಹೆಸರು ಹೇಳಿ ಕೇಳಬಾರದು. ನಾಲ್ಕೈದು ಸಾಲಿನ ಕೆಲಸದ ಸಾರಾಂಶ ಕೊಟ್ಟು, ಕನಿಷ್ಠ ಮುಕ್ಕಾಲು ಪಾಲು ಹೊಂದಿದರೆ ಮಾತ್ರ ತೆಗೆದುಕೊಳ್ಳಬೇಕು. ಕನಿಷ್ಠ ಐದು ಕಂಪನಿಗಳ ಮಾಹಿತಿ ಇಲ್ಲದ ಕೆಲಸದ ಅಂಕಿಯನ್ನು ವರದಿಗೆ ಹಾಕುವುದಿಲ್ಲ. ಹಾಕಿದರೆ ಯಾರದು ಯಾವುದೆಂದು ಓದುಗರು ಊಹಿಸಿಬಿಡುತ್ತಾರೆ, ಮುಂದಿನ ವರ್ಷ ಯಾರೂ ಮಾಹಿತಿ ಕೊಡುವುದಿಲ್ಲ. ಸರಾಸರಿಗಿಂತ, ದರಗಳನ್ನು ಸಾಲಾಗಿ ಇಟ್ಟಾಗ ನಡುವೆ ಬರುವ ಅಂಕಿ ನಂಬಲರ್ಹ. ಹತ್ತು ಕಂಪನಿಗಳಲ್ಲಿ ಒಂದು ಬಹುರಾಷ್ಟ್ರೀಯ ಸಂಸ್ಥೆ ಸೇರಿದರೆ ಸರಾಸರಿ ಮೇಲಕ್ಕೆ ಜಿಗಿಯುತ್ತದೆ, ನಡುವಿನ ಅಂಕಿ ಹೆಚ್ಚು ಅಲುಗುವುದಿಲ್ಲ. ಮಾಹಿತಿ ಆರು ತಿಂಗಳು ಹಳೆಯದಾಗಿದ್ದು ವಾರ್ಷಿಕ ಏರಿಕೆ ಶೇ 9 ಎಂದು ಹಿಡಿದರೆ ಶೇ 4.5 ಸೇರಿಸಿ ಇಂದಿಗೆ ತರಬೇಕು. ನೇಮಕಾತಿ ಏಜೆನ್ಸಿ ಹೇಳುವ ದರ ಹೊಸದಾಗಿ ಸೇರುವವರದ್ದು, ಸಾಮಾನ್ಯವಾಗಿ ಹೆಚ್ಚಿನದು. ಅದನ್ನು ಎಲ್ಲರ ದರ ಎಂದು ತಿಳಿಯುವುದು ಮಾಲೀಕರು ಬೆಚ್ಚಿಬೀಳಲು ಮುಖ್ಯ ಕಾರಣ.

ಅಂಕಗಳನ್ನು ಅಡ್ಡಕ್ಕೂ, ಮಾರುಕಟ್ಟೆ ದರವನ್ನು ಉದ್ದಕ್ಕೂ ಇಟ್ಟು ನಡುವೆ ಹಾಯುವ ಗೆರೆ ಎಳೆದರೆ ಪ್ರತಿ ದರ್ಜೆಯ ಮಧ್ಯಬಿಂದು ಸಿಗುತ್ತದೆ. ಐದನೇ ದರ್ಜೆಯ ಮಧ್ಯಬಿಂದು 32,000 ಬಂದಿದೆ, ಕನಿಷ್ಠದಿಂದ ಗರಿಷ್ಠಕ್ಕೆ ಶೇ 40 ಅಗಲ ಇಟ್ಟಿದ್ದೇವೆ ಎನ್ನಿ. ಕನಿಷ್ಠ ಎಂದರೆ 32,000 ಭಾಗಿಸು 1.2, ಅಂದರೆ 26,667. ಗರಿಷ್ಠ ಅದರ 1.4 ಪಟ್ಟು, 37,333. ದರ್ಜೆಯಿಂದ ದರ್ಜೆಗೆ ಶೇ 15 ಅಂತರವಿಟ್ಟರೆ ಮೂರನೇ ದರ್ಜೆಯ ಮಧ್ಯಬಿಂದು ಸುಮಾರು 24,200, ವ್ಯಾಪ್ತಿ 20,167ರಿಂದ 28,233. ಆಪರೇಟರ್ ಕೆಲಸ ಈ ದರ್ಜೆಗೆ ಬಂದಿದೆ. ಮೊದಲು ಹೇಳಿದ 26,000ದ ಆಪರೇಟರ್ ತನ್ನ ವ್ಯಾಪ್ತಿಯೊಳಗೇ, ಮಧ್ಯಬಿಂದುವಿನ ಶೇ 107ರಲ್ಲಿದ್ದಾನೆ. 24,500ರ ಸೆಟ್ಟರ್ ತನ್ನ ದರ್ಜೆಯ ಕನಿಷ್ಠಕ್ಕಿಂತಲೂ 2,167 ರೂಪಾಯಿ ಕೆಳಗಿದ್ದಾನೆ. ಇಷ್ಟು ದಿನ ಎಲ್ಲರೂ ಹೊಸಬನ ಸಂಬಳವನ್ನು ದೂರುತ್ತಿದ್ದರು, ಸರಿಮಾಡಬೇಕಾದ್ದು ಹಳಬನದ್ದು. ಕೆಲಸ ತೂಗದೆ ಇದು ಗೊತ್ತಾಗುವುದಿಲ್ಲ. ಹನ್ನೆರಡು ವರ್ಷ ದುಡಿದವನನ್ನು ಬರೀ ಕನಿಷ್ಠಕ್ಕೆ ತಂದು ನಿಲ್ಲಿಸುವುದೂ ಸರಿಯಲ್ಲ. ಮೊದಲ ವರ್ಷ 28,500, ಎರಡನೇ ವರ್ಷ 31,000 ಎಂದು ಮಧ್ಯಬಿಂದುವಿನ ಹತ್ತಿರಕ್ಕೆ ಒಯ್ಯಬೇಕು, ಅದನ್ನು ಪತ್ರದಲ್ಲಿ ಬರೆದು ಕೊಡಬೇಕು.

ಗರಿಷ್ಠಕ್ಕಿಂತ ಮೇಲಿರುವವರ ಸಂಬಳ ಕಡಿಮೆ ಮಾಡುವ ಮಾತೇ ಇಲ್ಲ. ಅವರ ಮೂಲ ಸಂಬಳ ಹಾಗೇ ಇಟ್ಟು, ವ್ಯಾಪ್ತಿ ಮೇಲೆ ಬರುವವರೆಗೆ ವರ್ಷಕ್ಕೊಮ್ಮೆ ಇಡುಗಂಟು ಕೊಡುವುದು ರೂಢಿ.

ಕೆಳದರ್ಜೆಗಳಲ್ಲಿ ಬೇರೆಯದೇ ಎಚ್ಚರ ಬೇಕು. ರಾಜ್ಯದ ಕನಿಷ್ಠ ವೇತನಕ್ಕೆ ಸೇರುವ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತದೆ. ಮೊದಲ ದರ್ಜೆಯ ಕನಿಷ್ಠವನ್ನು ಇಂದಿನ ಕಾನೂನು ಮೊತ್ತಕ್ಕೆ ಸರಿಯಾಗಿ ಇಟ್ಟರೆ ಬರುವ ಏಪ್ರಿಲ್‌ಗೆ ಅದು ಮುಳುಗುತ್ತದೆ, ಹೊಸಬನೂ ನಾಲ್ಕು ವರ್ಷದ ಹಳಬನೂ ಒಂದೇ ಸಂಬಳಕ್ಕೆ ಬಂದು ನಿಲ್ಲುತ್ತಾರೆ. ಮುಂದಿನ ಒಂದು ಪರಿಷ್ಕರಣೆಯನ್ನಾದರೂ ತಡೆಯುವಷ್ಟು ಮೇಲೆ ಇಡಬೇಕು.

ಇನ್ನು ಕಾನೂನಿನ ಗೆರೆಗಳು. ಸಂಬಳದ ಚೌಕಟ್ಟು ಕಟ್ಟುವವರಲ್ಲಿ ಕಾನೂನು ಪಾಲನೆಯ ಕೆಲಸ ಮಾಡಿದವರು ಒಬ್ಬರಾದರೂ ಇರಲೇಬೇಕು ಎಂದು ನಾವು ಹೇಳುವುದು ಇದಕ್ಕೇ. ಇಎಸ್‌ಐ ವೇತನ ಮಿತಿ 21,000. 20,700ರಲ್ಲಿದ್ದವರಿಗೆ 600 ಏರಿಸಿದರೆ ಅವರು 21,300ಕ್ಕೆ ಬಂದು ಯೋಜನೆಯಿಂದ ಹೊರಬೀಳುತ್ತಾರೆ. ಅವರ ಪಾಲಿನ ಶೇ 0.75, ಅಂದರೆ ತಿಂಗಳಿಗೆ ನೂರೈವತ್ತರ ಚಿಲ್ಲರೆ ಉಳಿಯುತ್ತದೆ. ಕಳೆದುಕೊಳ್ಳುವುದು ಇಡೀ ಕುಟುಂಬಕ್ಕೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಂಥ ಕಡೆ ಸಿಗುತ್ತಿದ್ದ ಚಿಕಿತ್ಸೆ, ಜೊತೆಗೆ ವರ್ಷಕ್ಕೆ 91 ದಿನದವರೆಗೆ ಶೇ 70 ವೇತನದ ಅನಾರೋಗ್ಯ ಪರಿಹಾರ. ಮನೆಯಲ್ಲಿ ಡಯಾಲಿಸಿಸ್ ನಡೆಯುತ್ತಿರುವವರು ಇದ್ದರೆ ಈ 600 ರೂಪಾಯಿ ಏರಿಕೆ ಆ ಮನೆಗೆ ಬರಸಿಡಿಲು. ಹಾಗಾಗಿ ಎರಡು ಕೆಲಸ ಮಾಡಬೇಕು. ಏರಿಕೆಯ ತಿಂಗಳು ನೋಡಿಕೊಳ್ಳಬೇಕು: ವಂತಿಗೆಯ ಅವಧಿಗಳು ಏಪ್ರಿಲ್-ಸೆಪ್ಟೆಂಬರ್, ಅಕ್ಟೋಬರ್-ಮಾರ್ಚ್. ಅವಧಿ ಶುರುವಾದ ಮೇಲೆ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೆ ವ್ಯಾಪ್ತಿ ಮುಂದುವರಿಯುತ್ತದೆ. ಏಪ್ರಿಲ್ ಬದಲು ಮೇ ತಿಂಗಳಿಂದ ಏರಿಸಿದರೆ ಸೆಪ್ಟೆಂಬರ್ ಕೊನೆಯವರೆಗೆ ವಂತಿಗೆ ಕಟ್ಟಬಹುದು, ಅದಕ್ಕೆ ಪ್ರತಿಯಾದ ಸೌಲಭ್ಯದ ಅವಧಿ ಮುಂದಿನ ಜನವರಿಯಿಂದ ಜೂನ್‌ವರೆಗೆ. ಇನ್ನೊಂದು, ಕಂಪನಿಗೆ ಉಳಿಯುವ ಶೇ 3.25, ಅಂದರೆ 21,000ಕ್ಕೆ ತಿಂಗಳಿಗೆ 682.50, ವರ್ಷಕ್ಕೆ 8,190 ರೂಪಾಯಿಯನ್ನು ಗುಂಪು ಆರೋಗ್ಯ ವಿಮೆಗೆ ಹಾಕಿಸಬೇಕು. ಅದು ಕಂಪನಿಯ ಲಾಭ ಎಂದು ತೆಗೆದಿಡಲು ಹೊರಟ ಕಡೆ ನಾವು ಗಟ್ಟಿಯಾಗಿ ವಾದ ಮಾಡುತ್ತೇವೆ.

ಕಾನೂನಿನ ಬೋನಸ್ಸಿಗೂ 21,000ದ ಗೆರೆಯಿದೆ. ಕರ್ನಾಟಕದಲ್ಲಿ ತಿಂಗಳಿಗೆ 25,000 ಮುಟ್ಟಿದರೆ 200 ರೂಪಾಯಿ (ಫೆಬ್ರವರಿಯಲ್ಲಿ 300) ವೃತ್ತಿ ತೆರಿಗೆ ಶುರು. ಗೆರೆಯ ಅಕ್ಕಪಕ್ಕ ಇರುವವರ ಪಟ್ಟಿಯನ್ನು ಪ್ರತ್ಯೇಕವಾಗಿ ತೆಗೆದು, ಪ್ರತಿಯೊಬ್ಬರ ಕೈಗೆ ಬರುವ ಹಣ ಏರಿಕೆಯ ನಂತರ ನಿಜವಾಗಿ ಹೆಚ್ಚಾಗಿದೆಯೇ ಎಂದು ಒಂದೊಂದಾಗಿ ನೋಡಬೇಕು. ಕಡಿಮೆಯಾಗಿದ್ದರೆ ಏರಿಕೆಯನ್ನು ಗೆರೆಯಿಂದ ಸಾಕಷ್ಟು ಮೇಲಕ್ಕೆ ಒಯ್ಯಬೇಕು ಅಥವಾ ಮುಂದಕ್ಕೆ ಹಾಕಬೇಕು.

2025ರ ನವೆಂಬರ್ 21ರಿಂದ ಜಾರಿಯಾದ ನಾಲ್ಕು ಕಾರ್ಮಿಕ ಸಂಹಿತೆಗಳು ಲೆಕ್ಕವನ್ನು ಇನ್ನಷ್ಟು ಬದಲಿಸಿವೆ. ಮನೆ ಬಾಡಿಗೆ, ಪ್ರಯಾಣದಂತಹ, ವೇತನದ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ ಮೀರಿದ ಭಾಗ ವೇತನವೆಂದೇ ಎಣಿಕೆಯಾಗುತ್ತದೆ. ಒಟ್ಟು 30,000ದಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ 11,000, ಹೊರಗಿಡುವ ಭತ್ಯೆಗಳು 19,000 ಇದ್ದರೆ, ಅರ್ಧ ಮೀರಿದ 4,000 ವೇತನಕ್ಕೆ ಸೇರಿ 15,000 ಆಗುತ್ತದೆ. ಗ್ರಾಚ್ಯುಟಿ ಕೊನೆಯ ವೇತನದ 26ರಲ್ಲಿ 15 ಪಾಲಿನಂತೆ (15/26) ವರ್ಷಕ್ಕೆ ಲೆಕ್ಕವಾಗುವುದರಿಂದ ಆ 4,000ಕ್ಕೆ ವರ್ಷವೊಂದಕ್ಕೆ 2,308 ರೂಪಾಯಿ, ಹನ್ನೆರಡು ವರ್ಷದ ಸೇವೆಗೆ 27,692 ಹೆಚ್ಚು ಹೊರೆ. ಮೂಲವೇತನ ಚಿಕ್ಕದಿಟ್ಟು ಭತ್ಯೆ ಉಬ್ಬಿಸುವ ಹಳೆಯ ಸಂಬಳ ಪಟ್ಟಿಗಳನ್ನು ಹಾಗೇ ಹೊಸ ದರ್ಜೆಗೆ ಸಾಗಿಸಿದರೆ ಈ ಹೊರೆ ಲೆಕ್ಕಕ್ಕೆ ಸಿಗದೆ ಉಳಿದು, ನಿವೃತ್ತಿಗಳು ಶುರುವಾದಾಗ ಎದುರು ನಿಲ್ಲುತ್ತದೆ. ಹೊಸ ಚೌಕಟ್ಟಿನಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಇಡುವುದೇ ಲೇಸು.

ಖರ್ಚಿನ ಪಟ್ಟಿ ಮಾಲೀಕರ ಮುಂದೆ ಹೋಗುವುದು ಈ ಹಂತದಲ್ಲಿ. 31 ಜನ ಕನಿಷ್ಠಕ್ಕಿಂತ ಕೆಳಗಿದ್ದು ಸರಾಸರಿ ಕೊರತೆ 2,400 ಇದ್ದರೆ ತಿಂಗಳಿಗೆ 74,400, ವರ್ಷಕ್ಕೆ 8,92,800. ಅದರ ಮೇಲೆ ಗ್ರಾಚ್ಯುಟಿ, ಅನ್ವಯವಾಗುವ ಕಡೆ ಪಿಎಫ್, ಎರಡು ಪಟ್ಟು ದರದ ಓವರ್‌ಟೈಮ್ ಏರಿಕೆ. ಓವರ್‌ಟೈಮ್ ಸೇರಿಸದ ಅಂದಾಜು ಮೂರನೇ ತಿಂಗಳಿಗೆ ಸುಳ್ಳಾಗುತ್ತದೆ. ಜೊತೆಗೆ ಕನಿಷ್ಠಕ್ಕೆ ಸರಿಯಾಗಿ ನಿಂತಿರುವ ಹಳಬರನ್ನು ಮೇಲೆ ಸರಿಸಲು ಬೇರೆ ಹಣ ತೆಗೆದಿಡಬೇಕು. ಹಣ ಸಾಲದಿದ್ದರೆ ಎರಡು ವರ್ಷಕ್ಕೆ ಹಂಚಿ. ದರ್ಜೆಯ ವ್ಯಾಪ್ತಿಯನ್ನೇ ಇಳಿಸಿ ಹೊಂದಿಸಬೇಡಿ.

ಜಾರಿಗೆ ಮುಂಚೆ, ಕಾರ್ಮಿಕರ ಸೇವಾ ಷರತ್ತು ಬದಲಾಗುವ ಅಂಶಗಳಿದ್ದರೆ 21 ದಿನದ ಬದಲಾವಣೆ ನೋಟಿಸ್ ಬೇಕು. ಯೂನಿಯನ್ ಇರುವಲ್ಲಿ ನಡೆಯುತ್ತಿರುವ ವೇತನ ಒಪ್ಪಂದದ ಅವಧಿ ಮುಗಿಯುವವರೆಗೆ ಕಾಯಬೇಕು ಅಥವಾ ಅದಕ್ಕೆ ಸೇರ್ಪಡೆಯಾಗಿ ಸಹಿ ಮಾಡಿಸಬೇಕು. ಪತ್ರವನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಸುಮ್ಮನಾಗಬಾರದು. ಶಿಫ್ಟ್‌ವಾರು ಇಪ್ಪತ್ತು ಜನರಂತೆ ಕೂರಿಸಿ, ಅಂಶಗಳು ಯಾವುವು, ನಿಮ್ಮ ಕೆಲಸಕ್ಕೆ ಯಾವ ಮಟ್ಟ ಏಕೆ ಬಂತು ಎಂದು ಕನ್ನಡದಲ್ಲಿ ಹೇಳಬೇಕು. ಅಂಶಪಟ್ಟಿ ಎಲ್ಲರಿಗೂ ತೆರೆದಿರಲಿ, ವ್ಯಕ್ತಿಯ ಸಂಬಳ ಮುಚ್ಚಿರಲಿ. ಮೇಲ್ಮನವಿಗೆ 30 ದಿನ, ಒಂದೇ ಪುಟದ ಫಾರಂ, ಯಾವ ಅಂಶದ ಮಟ್ಟ ತಪ್ಪೆಂದು ಬರೆಯಲು ಜಾಗ. "ನನ್ನ ಸಂಬಳ ಕಡಿಮೆ" ಎಂಬುದು ಮೇಲ್ಮನವಿಯಲ್ಲ. "ನಾನು ಮೊದಲ ಪೀಸ್ ಕೂಡ ಪಾಸ್ ಮಾಡ್ತೀನಿ, ಅದು ನನ್ನ ವಿವರಣೆಯಲ್ಲಿಲ್ಲ" ಎಂಬುದು ಮೇಲ್ಮನವಿ. ಸಹಿ ಹಾಕಿಸಿದ ವಿವರಣೆಗಳಿದ್ದರೆ ಬರುವ ಅರ್ಜಿಗಳಲ್ಲಿ ಕೆಲವು ನಿಜಕ್ಕೂ ಸರಿಯಿರುತ್ತವೆ, ಅವುಗಳ ಮಟ್ಟ ತಿದ್ದಬೇಕು. ತಿದ್ದಿದ ಒಂದೆರಡು ಪ್ರಕರಣಗಳನ್ನು ಕಂಡ ಮೇಲೆ ಉಳಿದವರಿಗೂ ಪದ್ಧತಿಯ ಮೇಲೆ ನಂಬಿಕೆ ಹುಟ್ಟುತ್ತದೆ.

ಕೊನೆಯ ಎರಡು ವಾರ ಒಪ್ಪಿಸುವ ಕೆಲಸ. ಈ ದೇಶದಲ್ಲಿ ಹೆಚ್‌ಆರ್ ಸಲಹೆಯ ಬಹು ಒಳ್ಳೆಯ ಮಾದರಿ ನಮ್ಮ ದೃಷ್ಟಿಯಲ್ಲಿ 1970ರ ದಶಕದ ಎಲ್ ಅಂಡ್ ಟಿಯದು. ಅಹಮದಾಬಾದಿನ ಐಐಎಂನಲ್ಲಿದ್ದ ಉದಯ್ ಪಾರೀಕ್ ಮತ್ತು ಟಿ. ವಿ. ರಾವ್ ಅಲ್ಲಿನ ಮೌಲ್ಯಮಾಪನ ಪದ್ಧತಿ ನೋಡಲು ಹೋದವರು ಮಾನವ ಸಂಪನ್ಮೂಲ ಅಭಿವೃದ್ಧಿಗೆ ಪ್ರತ್ಯೇಕ ವ್ಯವಸ್ಥೆಯನ್ನೇ ಸೂಚಿಸಿದರು, ಕಂಪನಿ 1975ರಲ್ಲಿ ಅದಕ್ಕೆ ಒಳಗೇ ವಿಭಾಗ ತೆರೆಯಿತು. ಸಲಹೆಗಾರರು ಹೋದ ಮೇಲೂ ಕೆಲಸ ನಡೆಸುವವರು ಒಳಗೆ ಇದ್ದರು. ಸಣ್ಣ ಘಟಕದಲ್ಲಿ ಇದರ ಅರ್ಥ ಇಷ್ಟು: ಹೆಚ್‌ಆರ್‌ನ ಒಬ್ಬರು, ಉತ್ಪಾದನೆಯ ಒಬ್ಬರು ನಮ್ಮ ಸಹಾಯವಿಲ್ಲದೆ ಎರಡು ಹೊಸ ಕೆಲಸಗಳ ವಿವರಣೆ ಬರೆದು, ಸಮಿತಿ ಕರೆದು, ಅಂಕ ಹಾಕಿಸಿ ತೋರಿಸಬೇಕು. ಅವರ ಅಂಕ ನಮ್ಮದಕ್ಕಿಂತ ಒಂದು ಮಟ್ಟದೊಳಗೆ ಬಂದರೆ ಉಳಿದ ಶುಲ್ಕದ ಬಿಲ್ಲು ಕೊಡುತ್ತೇವೆ.

ಆಮೇಲೆ ಪ್ರತಿ ವರ್ಷ ಅವರು ಮಾಡಬೇಕಾದ್ದು: ಫೆಬ್ರವರಿಯಲ್ಲಿ ಮಾದರಿ ಕೆಲಸಗಳ ಮಾರುಕಟ್ಟೆ ದರ, ಮಾರ್ಚ್‌ನಲ್ಲಿ ವ್ಯಾಪ್ತಿಗಳ ಪರಿಷ್ಕರಣೆ ಮತ್ತು ಮಿತಿಯ ಗೆರೆಗಳ ಪಟ್ಟಿ, ಏಪ್ರಿಲ್‌ನಲ್ಲಿ ಕನಿಷ್ಠ ವೇತನದ ತಾಳೆ. ಹೊಸ ಯಂತ್ರ ಬಂದು ಕೆಲಸ ಬದಲಾದರೆ ವರ್ಷಕ್ಕೆ ಕಾಯದೆ ಆ ಕೆಲಸವನ್ನು ಮರುತೂಕಕ್ಕೆ ತರಬೇಕು. ರೋಬೋ ಲೋಡಿಂಗ್ ಬಂದ ಸಾಲಿನಲ್ಲಿ ಆಪರೇಟರ್‌ನ ದೈಹಿಕ ಶ್ರಮದ ಮಟ್ಟ ಇಳಿಯುತ್ತದೆ, ಯಂತ್ರದ ಹೊಣೆ ಮತ್ತು ಸಮಸ್ಯೆ ಬಿಡಿಸುವಿಕೆಯ ಮಟ್ಟ ಏರುತ್ತದೆ. ಎರಡನ್ನೂ ಕೂಡಿದರೆ ಹೆಚ್ಚಿನ ಸಲ ಅಂಕ ಮೇಲಕ್ಕೇ ಹೋಗುತ್ತದೆ.